ವೇಷ ಕಳಚಿ ಬಂದವರು

ಯುದ್ಧದ ಕಾಲದಲ್ಲಿ ನಾನು ಕೊಪ್ಪದಲ್ಲಿ ಫೋಟೊ ತೆಗೆಯುತ್ತಿದ್ದೆ. ಒಂದು ರಜೆಯಲ್ಲಿ ವಿಶ್ವವಿದ್ಯಾನಿಲಯದ ಹುಡುಗರ ತಂಡವೊಂದು ನಮ್ಮೂರ ಶಾಲೆಗೆ ಬಂದು ತಂತಮ್ಮ ಸೀಮೆಯ ಕುಣಿತ ಆಡಿ ತೋರಿಸಿತು. ಮಲಯಾಳಿಯ ಕಥಕಳಿ, ಝಣಝಣಿಸುವ ಬಿಲ್ಲೆಗಳ ಕೋಲು ಹಿಡಿದು ಕುಣಿಯುವ ಮರಾಠಿಯವನ ಲೇಜಿಮು, ತಮಿಳರ ಕಾವಡಿ, ಎಲ್ಲವೂ ಇದ್ದವು. ಗ್ಯಾಸ್‌ಲೈಟಿನ ಬೆಳಕು ನನ್ನ ಕ್ಯಾಮೆರಾಕ್ಕೆ ಸಾಲದು. ಬೆಳಿಗ್ಗೆ ಬಿಸಿಲಿಗೆ ಇದೇ ವೇಷದಲ್ಲಿ ಬನ್ನಿ ಎಂದು ಒಬ್ಬೊಬ್ಬರಿಗೂ ಹೇಳಿದೆ. ಆಗ ಫೋಟೊ ಮೂಡಿಸುವ ಗಾಜಿನ ಪ್ಲೇಟು ಸಿಗುವುದೇ ಕಷ್ಟ, ನನ್ನಲ್ಲಿದ್ದದ್ದು ಒಂದೇ.

ಬೆಳಿಗ್ಗೆ ನೋಡಿದರೆ ಎಲ್ಲರೂ ಕೋಟು ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ ನಿಂತಿದ್ದಾರೆ!

“ಎಂತ ಮಾರಾಯ, ವೇಷ ಎಲ್ಲಿ?” ಎಂದು ತಂಡದ ಮುಂದಾಳನ್ನು ಕೇಳಿದೆ. ಅವನು ನರಸಿಂಹರಾಜಪುರದ ಹುಡುಗ.

“ಫೋಟೊ ಮನೆಗೆ ಹೋಗ್ತದಲ್ಲ. ಓದೋದು ಬಿಟ್ಟು ಕುಣೀತಿದೀನಿ ಅಂತ ಅಪ್ಪಯ್ಯನಿಗೆ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ. ಇವ್ರಿಗೂ ಅದೇ ಹೆದ್ರಿಕೆ.”

ನಾನು ಬೈದೆ, ಆಮೇಲೆ ಬೇಡಿಕೊಂಡೆ. ಮರಾಠಿ ಹುಡುಗ ಲೇಜಿಮು ಹಿಡಿಯಲು ಒಪ್ಪಿದ. ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ ಅವನೂ ಅದನ್ನು ಬೆನ್ನ ಹಿಂದೆ ಅಡಗಿಸಿದ.

ವಾರದ ಮೇಲೆ ಶಾಲೆಗೆ ಫೋಟೊ ಒಯ್ದು ಕೊಟ್ಟಾಗ ಅಲ್ಲಿನ ಹೆಡ್‌ಮಾಸ್ತರರು ಕನ್ನಡಕ ಏರಿಸಿ, “ಇದೆಂತದು, ಕಚೇರಿ ಗುಮಾಸ್ತರ ಫೋಟೊವಾ? ಕುಣಿದವ್ರು ಎಲ್ಲಿ?” ಎಂದರು.

“ಅವರೇ ಇವರು ಸ್ವಾಮಿ” ಎಂದೆ.

ಅವರು ನಂಬಲಿಲ್ಲ. ನಂಬಿಸುವ ತಾಳ್ಮೆ ನನ್ನಲ್ಲೂ ಉಳಿದಿರಲಿಲ್ಲ.