ಎಡಗಡಿ ಡಬ್ಬಿ, ಬಲಗಡಿ ಡಬ್ಬಿ

ಸುತ್ತಿದ ಚಾದರ ಬಿಚ್ಚಿದ ಕೂಡಲೇ ಗಂಜಿಯ ವಾಸನೆ ಬಂತು. ಮೂವತ್ತು ವರ್ಷದ ಮೇಲೂ ಅಪ್ಪನ ಎರಡು ಸ್ಪೀಕರ್ ಡಬ್ಬಿಗಳ ಮುಂದಿನ ಬಟ್ಟೆಯಲ್ಲಿ ಅದು ಉಳಿದಿತ್ತು. ಮೂಗು ಹತ್ತಿರ ಒಯ್ದರೆ ಅದರ ಅಡಿಯಲ್ಲಿ ಕಲ್ಲುಪುಡಿಯ ವಾಸನೆ, ಒಣಗಿದ ಮೇಲೂ ತಣ್ಣಗೆ ಅನ್ನಿಸುವಂಥದು. ಇಳಕಲ್ಲಿನಿಂದ ಟೆಂಪೋದಲ್ಲಿ ತಂದ ಡಬ್ಬಿಗಳನ್ನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನ ತಮ್ಮ ಶ್ರೀಶೈಲನ ಮನೆಯ ಪಡಸಾಲೆಯಲ್ಲಿ ಇಳಿಸಿದ್ದೆವು. ಪಕ್ಕದಲ್ಲಿ ಅವನು ಬಹಳ ವರ್ಷ ಆಸೆಪಟ್ಟು ತರಿಸಿಕೊಂಡ ಹೊಸ ಸ್ಪೀಕರುಗಳು ನಿಂತಿದ್ದವು: ಎದೆಯೆತ್ತರ, ಸಪೂರ, ಮುಖ ಕಾಣುವಷ್ಟು ನುಣುಪಾದ ಕಪ್ಪು ಮೈ. ಅವಕ್ಕೆ ಯಾವ ವಾಸನೆಯೂ ಇರಲಿಲ್ಲ. ಶ್ರೀಶೈಲನೇ ಹೇಳಿದ್ದ: ಒಂದೇ ಕ್ಯಾಸೆಟ್ಟನ್ನು ಎರಡರಲ್ಲೂ ಹಾಕಿ ಕೇಳೋಣ, ಹಳೆಯವು ಗೆದ್ದರೆ ನಾನೇ ಇಟ್ಟುಕೊಳ್ಳುತ್ತೇನೆ, ಸೋತರೆ ಹುಬ್ಬಳ್ಳಿಯ ಹೋಟೆಲಿನವರೊಬ್ಬರು ಅಂದಕ್ಕೆಂದು ಕೇಳಿದ್ದಾರೆ, ಕೊಟ್ಟುಬಿಡೋಣ. ನಾನು ಒಪ್ಪಿದ್ದೆ. ಅವ್ವ ನನ್ನ ಜೊತೆ ಇಳಕಲ್ಲಿನಿಂದ ಬಂದಿದ್ದಳು. ಅವಳು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ; ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕುಳಿತಳು. ನನಗೆ ಮಾತ್ರ ಒಂದು ಕಡೆ ಕೂಡಲಾಗಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದೆ, ಬಂದೆ, ಮತ್ತೆ ಹೋದೆ.

ಆ ಡಬ್ಬಿಗಳು ಹುಟ್ಟಿದ ಮನೆಯನ್ನು ನಿಮಗೆ ಹೇಗೆ ತೋರಿಸಲಿ? ಇಳಕಲ್ಲಿನ ಓಣಿಯೊಂದರಲ್ಲಿ ಒಂದೂವರೆ ಕೋಣೆ, ನಡುವೆ ನೆಲ ಅಗೆದು ಕೂಡಿಸಿದ ಕುಣಿಮಗ್ಗ. ಅವ್ವ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆ ನಮಗೆ ಕಾಣುತ್ತಿದ್ದುದು ಅವಳ ಸೊಂಟದಿಂದ ಮೇಲಿನ ಭಾಗವಷ್ಟೇ. ಲಾಳಿ ಓಡುವ ಸಪ್ಪಳ, ಆಮೇಲೆ ಎಳೆಗಳನ್ನು ಒತ್ತುವ ಹಣಿಗೆ ಬಂದು ಬಡಿಯುವ ದಪ್ಪ ಸಪ್ಪಳ. ನಾವು ಅದರೊಳಗೇ ಪಾಠ ಓದಿದೆವು, ಅದರೊಳಗೇ ನಿದ್ದೆ ಹೋದೆವು. ಅಪ್ಪ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿದ್ದ. ಸಂಜೆ ಬರುವಾಗ ಹುಬ್ಬು, ಕಿವಿಯ ಕೂದಲು ಸಹಿತ ಬೆಳ್ಳಗಾಗಿರುತ್ತಿದ್ದವು. ಅಂಗಿಯ ಕಿಸೆಯಲ್ಲಿ ಬೆಲ್ಲದ ಚೂರು ಇರುತ್ತಿತ್ತು. ಅವನು ಕೆಮ್ಮಿದಾಗ ನಾವು ನೋಡಿದರೆ, "ಹುಡಿ ಹೋಗೈತಿ. ಬೆಲ್ಲಾ ತಿಂದ್ರ ಇಳೀತೈತಿ" ಎಂದು ಅರ್ಧ ತಾನು ಬಾಯಿಗೆ ಹಾಕಿಕೊಂಡು ಉಳಿದರ್ಧ ನಮಗಿಬ್ಬರಿಗೆ ಮುರಿದು ಕೊಡುತ್ತಿದ್ದ. ಕೆಮ್ಮು ಬಂದರೆ ಬೆಲ್ಲ ಸಿಗುತ್ತದೆಂದು ನಾವು ಕೆಮ್ಮಿಗೆ ಕಾಯುತ್ತಿದ್ದೆವು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಇದ್ದದ್ದು ಹಾಗೆಯೇ.

ಅಪ್ಪನಿಗೆ ಸಂಗೀತದ ಹುಚ್ಚು ಹಚ್ಚಿದವರು ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ದಾವಲ್‌ಸಾಬ್ ಕಾಕಾ. ಹುನಗುಂದದ ಕಡೆ ಒಂದು ಟೂರಿಂಗ್ ಟಾಕೀಸು ಮುಚ್ಚಿದಾಗ ಅಲ್ಲಿಯ ಕಾಗದದ ಕೋನಿನ ಎರಡು ದೊಡ್ಡ ಸ್ಪೀಕರುಗಳನ್ನು ಅವರೇ ತಂದುಕೊಟ್ಟರು. ಅಪ್ಪ ಮುರಿದ ಮಗ್ಗದ ಕಟ್ಟಿಗೆಯಿಂದ ಡಬ್ಬಿ ಮಾಡಿದ, ಕಾರ್ಖಾನೆಯಲ್ಲಿ ಉಳಿದ ಕೆಂಪು ಕಲ್ಲಿನ ತುಂಡುಗಳನ್ನು ಅಡಿಗೆ ಕೊಟ್ಟ. ಮುಂದಿನ ಬಟ್ಟೆಯನ್ನು ನೇಯಬೇಕಾದವಳು ಅವ್ವ.

"ಸಡ್ಲ ನೇಯಿ. ದನಿಗೆ ಉಸಿರಾಡಾಕ ಜಾಗಾ ಬೇಕು."

"ಹಿಂಗ ಸಡ್ಲ ನೇಯ್ದ್ರ ಸಾವಕಾರ ಸೀರಿ ನನ್ನ ಮಾರಿಗೆ ಒಗಿತಾನ."

"ಡಬ್ಬಿ ಒಗಿಯೂದಿಲ್ಲ. ನೇಯಿ."

ಡಬ್ಬಿ ತಯಾರಾದ ಮೇಲೆ ಪರೀಕ್ಷೆಗೆಂದು ಅಪ್ಪ ತನ್ನದೇ ದನಿಯಲ್ಲಿ ಒಂದು ಕ್ಯಾಸೆಟ್ ತುಂಬಿದ. ಕಾಕಾನ ಅಂಗಡಿಯಿಂದ ಟೇಪು, ಎರಡು ಮೈಕು ಬಂದವು. ನಾನೂ ಶ್ರೀಶೈಲನೂ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಎದುರಿಗೆ ಕುಳಿತೆವು. "ಈಗ ನಾ ಎಡಗಡಿ ಡಬ್ಬಿಯೊಳಗ ಅದೀನಿ" ಎಂದ ಅಪ್ಪ. ಸ್ವಲ್ಪ ತಡೆದು, "ಈಗ ಬಲಗಡಿ ಡಬ್ಬಿಯೊಳಗ ಅದೀನಿ" ಎಂದ. ಆ ತಡೆಯುವ ಜಾಗದಲ್ಲಿ ಧಡ್ ಎಂದು ಮಗ್ಗ ಬಡಿಯಿತು. "ಏ, ಒಂದೀಟು ಮಗ್ಗಾ ನಿಂದರ್ಸು" ಎಂದು ಅಪ್ಪ ಹೇಳಿದ್ದು ಕ್ಯಾಸೆಟ್ಟಿನಲ್ಲಿದೆ. ಅವ್ವ ನಿಲ್ಲಿಸಲಿಲ್ಲ. ಅಪ್ಪ ವಾರಗಳ ಹೆಸರು ಹೇಳಿದ, ಒಂದರಿಂದ ಇಪ್ಪತ್ತು ಎಣಿಸಿದ, ನಮ್ಮ ಹೆಸರು ಕರೆದ. ಎಲ್ಲೆಲ್ಲಿ ತಡೆದನೋ ಅಲ್ಲೆಲ್ಲ ಮಗ್ಗದ ಏಟು. ಕೊನೆಗೆ "ಈಗ ಎರಡೂ ಕಡೆ ಅದೀನಿ" ಎಂದು ತಡೆದ, ಮತ್ತೆ ಏಟು. "ನಿಮ್ಮವ್ವ ಇನ್ನ ಎಲ್ಲಿ ಹೋಗತಾಳ ನೋಡೂನು" ಎಂದು ಮುಗಿಸಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಮಳೆಗಾಲ ಮುಗಿಯುವ ಮೊದಲೇ ಅಪ್ಪ ತೀರಿಕೊಂಡ. ಅವನ ದನಿ ಉಳಿದದ್ದು ಅದೊಂದೇ ಕ್ಯಾಸೆಟ್ಟಿನಲ್ಲಿ. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದೀತು, ಮಸುಕಾದ ಫೋಟೋ, ಅರ್ಧ ಬರೆದ ಕಾಗದ; ಇನ್ನಷ್ಟು ಇರಬಾರದಿತ್ತೇ ಎಂದು ಅದರ ಮೇಲೆಯೇ ಸಿಟ್ಟು ಬರುತ್ತದಲ್ಲ, ಹಾಗೆ ನಮಗೂ ಬಂತು. ಅದನ್ನು ಅವ್ವನ ಮೇಲೆ ಹಾಕಿದೆವು. ಇದ್ದೊಂದು ಕ್ಯಾಸೆಟ್ಟನ್ನೂ ಅವ್ವ ಮಗ್ಗ ಬಡಿದು ಕೆಡಿಸಿದಳು ಎಂಬುದು ಮನೆಯ ಖಾಯಂ ಮಾತಾಯಿತು. ಬಂದವರ ಮುಂದೆ ಶ್ರೀಶೈಲ ಅದನ್ನು ನಟಿಸಿ ತೋರಿಸುತ್ತಿದ್ದ. ಅವ್ವ ಎದ್ದು ಚಹಾಕ್ಕಿಡುತ್ತಿದ್ದಳು. ಕ್ಯಾಸೆಟ್ ಹಚ್ಚಿದಾಗಲೆಲ್ಲ ಅಪ್ಪ ತಡೆಯುವ ಕಡೆ ಅವಳ ಅಂಗೈ ನೆಲಕ್ಕೆ ಬೀಳುತ್ತಿತ್ತು. "ನೋಡ್ರಿ, ಇನ್ನೂ ಬಿಡವಲ್ಲಳು" ಎಂದು ಅದಕ್ಕೂ ನಕ್ಕೆವು. ಮುಂದೆ ಡಬ್ಬಿಗಳ ಹಳೆಯ ಆಂಪ್ಲಿಫೈಯರ್ ಸುಟ್ಟಿತು. ಕೈಗೆ ಬಲವಿಲ್ಲವೆಂದು ಅವ್ವ ಮಗ್ಗ ತೆಗೆಸಿದಳು. ಕುಣಿಗೆ ಮಣ್ಣು ತುಂಬಿ ಸಿಮೆಂಟು ಬಳಿದರು. ಡಬ್ಬಿಗಳು ಬಟ್ಟೆಗಂಟುಗಳನ್ನು ಹೊತ್ತುಕೊಂಡು ಮೂಲೆ ಸೇರಿದವು.

ವಿದ್ಯಾಗಿರಿಯಲ್ಲಿ ತೀರ್ಪು ಹೇಳಲು ದಾವಲ್‌ಸಾಬ್ ಕಾಕಾನನ್ನೂ ಕರೆಸಿದ್ದೆವು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಮೊದಲು ಅವರು ತಂದ ಭಜನೆಯ ಕ್ಯಾಸೆಟ್ ಹಾಕಿದೆವು. ಹಳೆಯ ಡಬ್ಬಿಗಳಲ್ಲಿ ತಾಳ, ಹಾರ್ಮೋನಿಯಂ, ಹತ್ತು ಗಂಟಲು ಎಲ್ಲ ಒಂದೇ ಕಂಬಳಿ ಹೊದ್ದುಕೊಂಡು ಬಂದವು. ಬೆಚ್ಚಗೆ, ತುಸು ಮಂದವಾಗಿ. ಹೊಸದರಲ್ಲಿ ಕಂಬಳಿ ತೆಗೆದಂತಾಯಿತು. ತಾಳದವನು ಎಲ್ಲಿ ಕುಳಿತಿದ್ದಾನೆಂದು ಬೆರಳಿಟ್ಟು ತೋರಿಸಬಹುದಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಶಬ್ದ ಮರೆತು ಬರೀ ಗುನುಗುತ್ತಿದ್ದದ್ದೂ ಗೊತ್ತಾಯಿತು.

"ಹೆಂಗದಾವ್ರೀ ಕಾಕಾ?" ಎಂದ ಶ್ರೀಶೈಲ.

"ಛಲೋ ಅದಾವಪಾ. ಆದ್ರ ಪೊಲೀಸರಂಗ ಅದಾವ, ಎಲ್ಲಾರ ಬಾಯಿ ಬಿಡಸ್ತಾವ. ನಿಮ್ಮಪ್ಪನ ಡಬ್ಬಿ ಹಿರೇ ಸೊಸಿ ಇದ್ದಂಗ. ಮುಚ್ಚಗೋತಾವ."

ಆಮೇಲೆ ಅಪ್ಪನ ಕ್ಯಾಸೆಟ್. ಹಳೆಯದರಲ್ಲಿ ನಮಗೆ ಗೊತ್ತಿದ್ದ ಅಪ್ಪ ಗೊತ್ತಿದ್ದ ಹಾಗೆಯೇ ಬಂದುಹೋದ. ಶ್ರೀಶೈಲ ತಂತಿ ಬದಲಿಸಿ ಹೊಸದಕ್ಕೆ ಹಚ್ಚಿದ. "ಈಗ ನಾ ಎಡಗಡಿ ಡಬ್ಬಿಯೊಳಗ ಅದೀನಿ." ನಾನು ಬಾಗಿಲಲ್ಲಿ ನಿಂತಿದ್ದೆ, ನಿಂತಲ್ಲೇ ಉಳಿದೆ. ಅಪ್ಪ ತಡೆದ ಜಾಗ ಖಾಲಿ ಇರಲಿಲ್ಲ. ಅಲ್ಲಿ ಅವನು ಉಸಿರು ಎಳೆಯುತ್ತಿದ್ದ. ಒರಟು ಕಲ್ಲಿನ ಮೇಲೆ ಚೀಲ ಎಳೆದಂಥ ಸಪ್ಪಳ. ಒಂದು ಸಲಕ್ಕೆ ಸಾಲದೆ ಎರಡು ಸಲ ಎಳೆದು, ಆಮೇಲೆ ನಗುದನಿ ತಂದುಕೊಂಡು, "ಈಗ ಬಲಗಡಿ." ಮಗ್ಗದ ಏಟು ಸರಿಯಾಗಿ ಆ ಉಸಿರಿನ ಮೇಲೆ ಬಿದ್ದಿತ್ತು. ಹಳೆಯ ಡಬ್ಬಿಗಳಲ್ಲಿ ಎರಡೂ ಕೂಡಿ ಒಂದೇ ಸಪ್ಪಳವಾಗಿದ್ದವು. ಇಲ್ಲಿ ಬೇರೆ ಬೇರೆ ಕೇಳಿದವು: ಉಸಿರು ಮೈಕಿನ ಹತ್ತಿರ, ಮಗ್ಗ ತುಸು ದೂರ, ಒಂದೂವರೆ ಕೋಣೆಯ ನಡುವೆ. ನಾನು ರಿವೈಂಡ್ ಮಾಡಿ ಮತ್ತೆ ಕೇಳಿದೆ. ತಪ್ಪು ಕೇಳಿರಬಹುದೆಂದು ಇನ್ನೊಮ್ಮೆ ಕೇಳಿದೆ. ಮಗ್ಗ ನಿಲ್ಲಿಸು ಎಂದು ಅಪ್ಪ ಹೇಳಿದ್ದು ಒಂದೇ ಸಲ. ಆಮೇಲಾಮೇಲೆ ಅವನು ಏಟಿಗಾಗಿ ಕಾಯುತ್ತಿದ್ದ. ಏಟು ಬೀಳುವವರೆಗೆ ಉಸಿರು ಎಳೆಯುತ್ತಿರಲಿಲ್ಲ.

ಶ್ರೀಶೈಲ ಟೇಪು ಬಂದ್ ಮಾಡಿದ. ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನನಗೂ ಗೊತ್ತಿರಲಿಲ್ಲ, ವೈನಿ" ಎಂದು ಅವ್ವನ ಕಡೆ ತಿರುಗಿ ಅಂದರು.

ಅವ್ವ ನೆಲದ ಮೇಲೆ ಇಲ್ಲದ ಕಸವನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದಳು. "ಮಕ್ಕಳಿಬ್ಬರೂ ಎದುರಿಗೇ ಕುಂತಿದ್ವಲ್ಲ, ದಾವಲಣ್ಣ. ಸಣ್ಣವು. ಆ ಉಸಿರು ಕೇಳಿದ್ರ ಅಂಜತಿದ್ದುವು" ಎಂದಳು.

"ಇಷ್ಟು ವರ್ಷ ನಾವು ಅಂದದ್ದೆಲ್ಲಾ ಯಾಕ ಅನಿಸಿಕೊಂಡಿ, ಅವ್ವಾ?" ಶ್ರೀಶೈಲ ಅವಳ ಎದುರಿಗೆ ಕುಳಿತು ಕೇಳಿದ.

"ನಗತಿದ್ರಿ. ನಗಲಿ ಅಂತ ಬಿಟ್ಟೆ." ಹಳೆಯ ಡಬ್ಬಿಗಳ ಕಡೆ ಕೈಮಾಡಿ, "ಹೊಸಾವು ಛಲೋ ಅದಾವ ತಮ್ಮಾ. ನೀ ಕೇಳು. ಇವು ಇಳಕಲ್ಲಿಗೆ ಬರ್ಲಿ" ಎಂದಳು.

ಹುಬ್ಬಳ್ಳಿಯ ಹೋಟೆಲಿನವರ ಮಾತನ್ನು ಶ್ರೀಶೈಲ ಮತ್ತೆ ಎತ್ತಲಿಲ್ಲ. ತನ್ನಲ್ಲಿದ್ದ ಸಣ್ಣ ಆಂಪ್ಲಿಫೈಯರನ್ನೂ ಟೇಪನ್ನೂ ಟೆಂಪೋದಲ್ಲಿ ಜೊತೆಗಿಟ್ಟ. ಈಗ ಡಬ್ಬಿಗಳು ಸಿಮೆಂಟು ಬಳಿದ ಕುಣಿಯ ಎರಡೂ ಬದಿಗೆ ಕೆಂಪು ಕಲ್ಲುಗಳ ಮೇಲೆ ನಿಂತಿವೆ. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಕ್ಯಾಸೆಟ್ ಹಚ್ಚುತ್ತೇನೆ. ಈ ಡಬ್ಬಿಗಳಲ್ಲಾದರೂ ಹಳೆಯ ಅಪ್ಪ ಸಿಗುತ್ತಾನೆಂದುಕೊಂಡಿದ್ದೆ. ಸಿಗಲಿಲ್ಲ. ಒಮ್ಮೆ ಕೇಳಿದ ಕಿವಿಗೆ ಮಗ್ಗದ ಅಡಿಯ ಉಸಿರು ಇಲ್ಲೂ ಕೇಳುತ್ತದೆ. ಎದ್ದು ಹೊರಗೆ ಹೋಗುತ್ತೇನೆ, ಕಟ್ಟೆಯ ಮೇಲೂ ಕೇಳುತ್ತದೆ, ಒಳಗೆ ಬರುತ್ತೇನೆ. ಅವ್ವ ಕುಳಿತಲ್ಲೇ ಕುಳಿತಿರುತ್ತಾಳೆ. ಅಪ್ಪ ತಡೆದಲ್ಲಿ ಅವಳ ಅಂಗೈ ನೆಲಕ್ಕೆ ಬೀಳುತ್ತದೆ.

ಹೋದ ರವಿವಾರ ಕ್ಯಾಸೆಟ್ ಮುಗಿಯುತ್ತ ಬಂದಾಗ ಅವಳಿಗೆ ಗೋಡೆಗೊರಗಿದಂತೆಯೇ ಜೊಂಪು ಹತ್ತಿತ್ತು. ಕೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. "ಈಗ ಎರಡೂ ಕಡೆ ಅದೀನಿ" ಎಂದು ಅಪ್ಪ ತಡೆದ. ನಾನು ಅವಳ ಪಕ್ಕದಲ್ಲಿ ಕುಳಿತು, ಅವಳಿಗೆ ಎಚ್ಚರವಾಗದಷ್ಟು ಮೆಲ್ಲಗೆ, ಕುಣಿ ಇದ್ದ ಜಾಗದಲ್ಲಿ ಅಂಗೈ ಬಡಿದೆ.

"ನಿಮ್ಮವ್ವ ಇನ್ನ ಎಲ್ಲಿ ಹೋಗತಾಳ ನೋಡೂನು" ಎಂದು ಅಪ್ಪ ಮುಂದುವರಿಸಿದ.