ನಾಟಕದಲ್ಲಿ ಇಲ್ಲದ ಮಾತು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು ನಾನು. ಎಮ್ಮೆಗೆ ಗಾಳಿ ಸೋಕಿದೆ, ಹಸುವಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಅದರ ಕೊರಳಿಗೆ ತಾಯಿತ ಕಟ್ಟಿಸಿ ಹೊಡೆದುಕೊಂಡು ಬಂದವರಿಗೆ ನಾಲ್ಕು ಬೈದು, ಜಂತುಹುಳದ ಔಷಧಿ ಕುಡಿಸಿ ಕಳಿಸುವುದೇ ನನ್ನ ಕೆಲಸವಾಗಿತ್ತು. ಎಂಟು ದಿನ ಬಿಟ್ಟು ಆ ಎಮ್ಮೆ ಸರಿಯಾಗಿ ಮೇವು ತಿಂದರೆ ಆ ಜನ ತಾಯಿತಕ್ಕೇ ಕೈ ಮುಗಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಾಗಿ ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ 'ಹೋಗಯ್ಯ, ಹೊಟ್ಟೆ ಕೆಟ್ಟು ಕನಸು ಕಂಡಿದ್ದೀಯ' ಎಂದುಬಿಡುತ್ತಿದ್ದೆ. ನೀವೂ ಹಾಗಂದರೆ ನನಗೇನೂ ಬೇಜಾರಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನನಗೆ ನ್ಯಾಮತಿಯಲ್ಲಿ ಕೆಲಸ. ಅಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ಸಂಘವಿತ್ತು. ಮೇಷ್ಟ್ರುಗಳು, ಬ್ಯಾಂಕಿನ ಗುಮಾಸ್ತರು, ಅಡಿಕೆ ವ್ಯಾಪಾರದವರು, ಎಲ್ಲ ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದೆವು. ಯಾವಾಗಲೂ ಅದೇ ಗೌಡರ ದರ್ಪ, ಅದೇ ತಂಗಿಯ ಕಣ್ಣೀರು, ನಡುವೆ ಒಂದು ಹಾಸ್ಯದ ಜೋಡಿ. ಆ ವರ್ಷ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಶಿವಮೂರ್ತಿಗಳು ಹೊಸತೊಂದು ಹಟ ಹಿಡಿದರು. ಅಮೆರಿಕದ ಹೆಸರಾಂತ ನಾಟಕವೊಂದನ್ನು ಕನ್ನಡಕ್ಕೆ ಮಾಡಿಕೊಂಡು ಬಂದಿದ್ದರು. ಮೂರು ಅಂಕ, ಒಂದೇ ಮನೆ, ಗಂಡ ಹೆಂಡತಿ ಇಬ್ಬರೇ. ಮೊದಲಿಂದ ಕೊನೆಯವರೆಗೆ ಜಗಳ.

ಸಂಘದ ಅಧ್ಯಕ್ಷರು ಅಡಿಕೆ ಮಂಡಿಯ ರುದ್ರಪ್ಪನವರು. ಪೂರ್ತಿ ಓದಿಸಿ ಕೇಳಿ, ತಲೆ ಕೆರೆದುಕೊಂಡು, "ಅಲ್ರೀ ಮೇಷ್ಟ್ರೇ, ಒಂದು ಹಾಡಿಲ್ಲ, ಒಂದು ಹೊಡೆದಾಟ ಇಲ್ಲ. ಬರೀ ಗಂಡ ಹೆಂಡ್ತಿ ಜಗಳ ನೋಡಾಕೆ ಜನ ಟಿಕೆಟ್ ಯಾಕೆ ತಗಂತಾರೆ? ಮನ್ಯಾಗೇ ಐತಲ್ಲ!" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ನಗಲಿಲ್ಲ. ನನ್ನ ಮನೆಯಲ್ಲಿ ಆಗ ಜಗಳ ಕೂಡ ಇರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು.

ನನ್ನ ಹೆಂಡತಿ ಗಿರಿಜಾ ಜಗಳೂರಿನವಳು. ಮದುವೆಗೆ ಮುಂಚೆಯೇ ಮೇಷ್ಟ್ರ ತರಬೇತಿ ಮುಗಿಸಿದ್ದಳು. ಮದುವೆಯಾಗಿ ನಾಲ್ಕು ವರ್ಷಕ್ಕೆ, ತವರಿಗೆ ಹೋದಾಗ ಅಲ್ಲಿಯ ಜಿಲ್ಲೆಗೆ ಶಿಕ್ಷಕಿ ಕೆಲಸಕ್ಕೆ ಅರ್ಜಿ ಹಾಕಿ ಬಂದಳು. ಬಂದು ನನಗೆ ಹೇಳಿದಳು. ನಾನು 'ನಿನ್ನಿಷ್ಟ' ಅಂದೆ. ಆಮೇಲೆ ಸಂದರ್ಶನಕ್ಕೆ ಹೋಗಲೇ ಎಂದಳು. 'ನಿನ್ನಿಷ್ಟ' ಅಂದೆ. ಬೇಡ ಅನ್ನದೆ ಇರುವುದೇ ನನ್ನ ದೊಡ್ಡತನ ಎಂದು ನಾನು ತಿಳಿದಿದ್ದೆ. ಆ ಪದವನ್ನು ನಾನು ಯಾವ ಮುಖ ಹೊತ್ತು ಹೇಳುತ್ತಿದ್ದೆನೋ ಅದನ್ನು ನೋಡಿದವಳು ಅವಳು. ಮೆಲ್ಲಗೆ ಮಾತು ಕಡಿಮೆಯಾಯಿತು. ಮೂರು ತಿಂಗಳಾಗುವ ಹೊತ್ತಿಗೆ 'ಊಟಕ್ಕಾಗೈತೆ' ಎಂದು ಅವಳು ಬಾಗಿಲಿಗೆ ಹೇಳುತ್ತಿದ್ದಳು, 'ಬಂದೆ' ಎಂದು ನಾನು ಗೋಡೆಗೆ ಹೇಳುತ್ತಿದ್ದೆ. ನಾನು ಹಜಾರದಲ್ಲಿ ಉಣ್ಣುವುದು, ಅವಳು ಅಡಿಗೆ ಮನೆಯಲ್ಲಿ. ಇದು ಹೀಗೇ ನಡೆದರೆ ಒಂದು ದಿನ ತವರಿಗೆಂದು ಹೋದವಳು ತಿರುಗಿ ಬರುವುದಿಲ್ಲ ಎಂಬ ಹೆದರಿಕೆ ನನಗಿತ್ತು. ಹೆದರಿಕೆ ಇತ್ತು, ಆದರೂ ಬಾಯಿ ಬರುತ್ತಿರಲಿಲ್ಲ. ಅಂಥ ಮೊಂಡ ನಾನು.

ಗಂಡನ ಪಾತ್ರ ನನ್ನ ಪಾಲಿಗೆ ಬಂತು. ಹೆಂಡತಿಯ ಪಾತ್ರಕ್ಕೆ ಊರಿನ ಹೆಣ್ಣುಮಕ್ಕಳು ಯಾರು ಬರುತ್ತಾರೆ? ನಮ್ಮ ಕಡೆ ಆಗ ಇದ್ದ ಪದ್ಧತಿ ಎಂದರೆ, ವೃತ್ತಿ ಕಂಪನಿಯ ಕಲಾವಿದೆಗೆ ವೀಳ್ಯ ಕೊಟ್ಟು, ಅವಳ ಮಾತುಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕಳಿಸುವುದು. ಅದಕ್ಕೆ ಪಾರ್ಟು ಎನ್ನುತ್ತಿದ್ದೆವು. ಆಕೆ ಅದನ್ನು ಬಾಯಿಪಾಠ ಮಾಡಿಕೊಂಡು ಆಟದ ದಿನ ಬಸ್ಸಿಳಿಯುತ್ತಿದ್ದಳು. ನಮ್ಮ ಜೊತೆ ಒಂದೇ ಒಂದು ತಾಲೀಮು, ಸಂಜೆ ಆಟ. ಆ ಸಲ ಬಂದವಳು ಹುಬ್ಬಳ್ಳಿ ಕಡೆಯ ಸರೋಜ. ಭಾನುವಾರ ಬೆಳಿಗ್ಗೆ ಬಂದಳು, ರುದ್ರಪ್ಪನವರ ಮನೆಯಲ್ಲಿ ಊಟ ಮಾಡಿದಳು, ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ತಾಲೀಮು ಮುಗಿಸಿದಳು. ನನ್ನ ಹೆಂಡತಿಯನ್ನು ಆಕೆ ನೋಡಿಯೂ ಇರಲಿಲ್ಲ. ಇದನ್ನು ನೀವು ಮರೆಯಬಾರದು.

ಹೊಸ ನಮೂನೆಯ ನಾಟಕವೆಂದು ಸಂಜೆ ಆರಕ್ಕೇ ಶುರು ಮಾಡಿದೆವು. ಶಾಲೆಯ ಅಂಗಳದಲ್ಲಿ ಇನ್ನೂರು ಜನ ಸೇರಿದ್ದರು. ಎಡಗಡೆ ಹೆಂಗಸರು, ಬಲಗಡೆ ಗಂಡಸರು. ಗಿರಿಜಾ ಅಕ್ಕಪಕ್ಕದ ಮನೆಯವರ ಜೊತೆ ಮೂರನೇ ಸಾಲಿನಲ್ಲಿ ಕೂತಿದ್ದಳು. ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಮೊದಲನೇ ಅಂಕ ಚೆನ್ನಾಗಿಯೇ ಹೋಯಿತು. ಅಮೆರಿಕದ ಗಂಡ ಕುಡಿಯಬೇಕಾಗಿದ್ದ ಬಾಟಲಿಗೆ ಜೀರಿಗೆ ಕಷಾಯ ತುಂಬಿಸಿದ್ದರು. ಅದನ್ನು ಕುಡಿದು ನಾನು ಮುಖ ಕಿವುಚಿದ್ದನ್ನೇ ಜನ ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಎರಡನೇ ಅಂಕದ ಕೊನೆಯಲ್ಲಿ ಹೆಂಡತಿ ಟ್ರಂಕು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಹದಿನೈದು ವರ್ಷದ ಸಿಟ್ಟನ್ನೆಲ್ಲ ಕಾರಿಕೊಳ್ಳುತ್ತಾಳೆ. ಗಂಡ ಕುರ್ಚಿಯಿಂದ ಏಳದೆ, 'ನೀನು ಎಲ್ಲಿಗೂ ಹೋಗುವುದಿಲ್ಲ' ಎನ್ನಬೇಕು. ಅವಳು ಟ್ರಂಕು ಕೆಳಗಿಡುತ್ತಾಳೆ. ಮೂರನೇ ಅಂಕದಲ್ಲಿ ಮತ್ತೆ ಜಗಳ. ಸರೋಜ ಟ್ರಂಕು ಹಿಡಿದು ಬಂದು ನಿಂತಳು. ಪಾರ್ಟಿನಲ್ಲಿದ್ದ ಮೊದಲ ಎರಡು ಮಾತು ಹೇಳಿದಳು. ಆಮೇಲೆ ಅದೇ ದನಿಯಲ್ಲಿ, ಆದರೆ ನಮ್ಮ ಊರ ಮಾತಿನಲ್ಲಿ, ನನ್ನನ್ನೇ ನೋಡುತ್ತಾ ಹೇಳಿದಳು:

"ಆರ್ಡರ್ ಬಂದು ಮೂರು ದಿನ ಆತು. ಬಿಳಿಚೋಡಿನ ಸ್ಕೂಲು. ಸಾಸಿವೆ ಡಬ್ಬಿ ಕೆಳಗೆ ಇಟ್ಟೀನಿ. ನಾಳೆ ಸಂಜೆ ಒಳಗೆ ಹೋಗಿ ಹಾಜರಾಗಬೇಕು. ನಿನ್ನಿಷ್ಟ ಅನ್ನಬ್ಯಾಡ್ರಿ. ಹೋಗು ಅನ್ರಿ, ಇಲ್ಲ ಬ್ಯಾಡ ಅನ್ರಿ. ಒಂದು ಮಾತು ಬಾಯಿ ಬಿಟ್ಟು ಹೇಳ್ರಿ."

ನಾನು ಪಕ್ಕದ ಪರದೆಯ ಕಡೆ ನೋಡಿದೆ. ಅಲ್ಲಿ ಟೈಲರ್ ಬಾಷಾ ಸಾಬರು ನಾಟಕದ ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಮಾತು ಮರೆತವರಿಗೆ ನೆನಪಿಸುವುದು ಅವರ ಕೆಲಸ. ಅವರ ಮುಖದಲ್ಲಿ ಯಾವ ಗಾಬರಿಯೂ ಇಲ್ಲ. ನಾನು ಮಾತು ಮರೆತೆನೆಂದುಕೊಂಡು, "ನೀನು ಎಲ್ಲಿಗೂ ಹೋಗುವುದಿಲ್ಲ" ಎಂದು ಪಿಸುದನಿಯಲ್ಲಿ ಎತ್ತಿಕೊಟ್ಟರು. ಮತ್ತೆ ಎತ್ತಿಕೊಟ್ಟರು. ಮೂರನೇ ಸಲ ಅವರ ದನಿ ಮುಂದಿನ ಸಾಲಿನವರಿಗೂ ಕೇಳಿಸಿರಬೇಕು. ಸರೋಜ ಟ್ರಂಕು ಹಿಡಿದು ಕಾಯುತ್ತಿದ್ದಳು. ನಾನು ಕುರ್ಚಿಯಿಂದ ಎದ್ದೆ.

"ಹೋಗು," ಅಂದೆ. "ಹೋಗು ಮಾರಾಯ್ತಿ. ನಾನೇ ಬಂದು ಬಸ್ ಹತ್ತಿಸ್ತೀನಿ."

ಆ ನಾಟಕದಲ್ಲಿ ಬಸ್ಸೇ ಇರಲಿಲ್ಲ. ಸರೋಜ ಒಂದು ಗಳಿಗೆ ನನ್ನನ್ನು ನೋಡಿದಳು. ಕಂಪನಿಯಲ್ಲಿ ಪಳಗಿದವಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾಗಿಲು ದಾಟಿ ಹೊರಟೇಹೋದಳು. ಪರದೆ ಎಳೆಯುವವನಿಗೆ ಇದೇ ಕೊನೆ ಅನ್ನಿಸಿತೇನೋ, ಹಗ್ಗ ಬಿಟ್ಟುಬಿಟ್ಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನೂ ಒಂದು ಅಂಕ ಉಳಿದಿದೆ ಎಂದು ಶಿವಮೂರ್ತಿಗಳು ಮೈಕಿನಲ್ಲಿ ಕೂಗುತ್ತಿದ್ದರೆ ಜನ ಚಾಪೆ ಮಡಚಿಕೊಂಡು ಮನೆಗೆ ಹೊರಟಿದ್ದರು. ಮೇಷ್ಟ್ರು ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟರು. ರುದ್ರಪ್ಪನವರಿಗೆ ಮಾತ್ರ ಪರಮ ಸಂತೋಷ, "ಇಷ್ಟಕ್ಕೇ ಮುಗಿಸಿದ್ದು ಭಾಳ ಚಲೋ ಆತು ಬಿಡ್ರಿ" ಎಂದರು.

ಬಣ್ಣ ಕೂಡ ತೊಳೆಯದೆ ನಾನು ಬಾಷಾ ಸಾಬರನ್ನು ಹಿಡಿದುಕೊಂಡೆ. ಆಕೆ ಪಾರ್ಟು ಬಿಟ್ಟು ಏನೇನೋ ಅಂದಳಲ್ಲ, ನೀವು ಕೇಳಲಿಲ್ಲವೇ ಎಂದೆ. ಅವರು ಪುಸ್ತಕ ತೆರೆದು ತೋರಿಸಿದರು. "ಅಲ್ಲಾನಾಣೆ ಕಾಂಪೌಂಡ್ರೇ, ಆ ಯಮ್ಮ ಒಂದಕ್ಷರ ತಪ್ಪಲಿಲ್ಲ. ನನ್ನ ಬೆರಳು ಇಲ್ಲೇ ಐತೆ ನೋಡ್ರಿ. ತಪ್ಪಿದ್ದು ನೀವು." ಮುಂದಿನ ಸಾಲಿನಲ್ಲಿದ್ದ ನಾಲ್ಕು ಜನರನ್ನು ಕೇಳಿದೆ. ಯಾರೂ ಬಿಳಿಚೋಡಿನ ಹೆಸರು ಕೇಳಿರಲಿಲ್ಲ.

ಮನೆಗೆ ಹೋದಾಗ ಗಿರಿಜಾ ಆಗಷ್ಟೇ ಬಂದು ದೀಪ ಹಾಕಿದ್ದಳು. ನಾನು ನೇರ ಅಡಿಗೆ ಮನೆಗೆ ಹೋಗಿ ಸಾಸಿವೆ ಡಬ್ಬಿ ಎತ್ತಿದೆ. ಕೆಳಗೆ ಮಡಚಿಟ್ಟ ಕಾಗದವಿತ್ತು. ಜಗಳೂರಿನ ಹತ್ತಿರದ ಬಿಳಿಚೋಡಿನ ಶಾಲೆ. ಸೋಮವಾರ ಕಡೇ ದಿನ. ಅದು ತವರಿನ ವಿಳಾಸಕ್ಕೆ ಬಂದು, ನಾನು ಆಸ್ಪತ್ರೆಯಲ್ಲಿದ್ದಾಗ ಅವಳ ತಮ್ಮ ತಂದುಕೊಟ್ಟು ಅದೇ ಬಸ್ಸಿಗೆ ಹಿಂದಿರುಗಿದ್ದನಂತೆ. ಎಲ್ಲಿಟ್ಟಿದ್ದಳೆಂದು ಅವನಿಗೂ ಗೊತ್ತಿರಲಿಲ್ಲ. ಗಿರಿಜಾ ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ. ಬಣ್ಣವೆಲ್ಲ ಕರಗಿ ಅಂಗಿಯ ಮೇಲೆ ಇಳಿಯಿತು. ಮೂರು ತಿಂಗಳ ಮಾತನ್ನು ಆವತ್ತು ಆಡಿ ಮುಗಿಸಿದೆವು.

ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಹೊನ್ನಾಳಿಯಲ್ಲಿ ಬಸ್ ಬದಲಿಸಿ, ದಾವಣಗೆರೆಯಲ್ಲಿ ಇನ್ನೊಂದು ಹಿಡಿದು, ಮಧ್ಯಾಹ್ನದ ಬೆಲ್ ಹೊಡೆಯುವ ಮುಂಚೆ ಬಿಳಿಚೋಡು ಮುಟ್ಟಿದೆವು. ನನ್ನ ಕಣ್ಣಿನ ಸುತ್ತ ಬಳಿದಿದ್ದ ಕಪ್ಪು ಪೂರ್ತಿ ಹೋಗಿರಲಿಲ್ಲ. ಹೆಡ್ ಮಾಸ್ತರು ಅವಳ ಕಾಗದಕ್ಕಿಂತ ನನ್ನ ಮುಖವನ್ನೇ ಹೆಚ್ಚು ಹೊತ್ತು ನೋಡಿದರು.

ಒಂದೂವರೆ ವರ್ಷಕ್ಕೆ ನನಗೂ ಜಗಳೂರಿಗೆ ವರ್ಗವಾಯಿತು. ಅಲ್ಲಿ ಮನೆ ಮಾಡಿದೆವು, ಇಬ್ಬರು ಮಕ್ಕಳಾದರು, ಸುಖವಾಗಿಯೇ ಇದ್ದೆವು. ಆದರೆ ಆ ವಿಷಯ ನನ್ನ ತಲೆಯಿಂದ ಹೋಗಲಿಲ್ಲ. ಗಿರಿಜಾಳಿಗೆ ಹೇಳಹೊರಟಾಗಲೆಲ್ಲ, ಆ ಕಲಾವಿದೆ ನನಗೆ ಹೇಳಿದಳು ಅನ್ನುವಷ್ಟರಲ್ಲೇ ಅವಳು ನಗುತ್ತಿದ್ದಳು. "ಕದ್ದು ಓದಿದ್ದು ಒಪ್ಪಿಕೊಳ್ಳಾಕೆ ನಾಚಿಕೆ ನಿಮಗೆ. ಅದಕ್ಕೇ ಕಥೆ ಕಟ್ತೀರಿ" ಎಂದು ಎದ್ದು ಹೋಗುತ್ತಿದ್ದಳು. ನಾನಾಗಿಯೇ ಹುಡುಕಿ, ಓದಿ, ಮನಸ್ಸು ಬದಲಿಸಿ ಇನ್ನೂರು ಜನರ ಮುಂದೆ ಒಪ್ಪಿಗೆ ಕೊಟ್ಟೆನೆಂದೇ ಅವಳ ನಂಬಿಕೆ. ಆ ನಂಬಿಕೆ ನನಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಒಮ್ಮೆ ಚನ್ನಗಿರಿಗೆ ಹೋದಾಗ ಅಲ್ಲಿ ನಾಟಕ ಕಂಪನಿ ಬೀಡುಬಿಟ್ಟಿತ್ತು, ಅದರಲ್ಲಿ ಸರೋಜ ಇದ್ದಳು. ಹೋಗಿ ಕೇಳಿದೆ. ಆಕೆ, "ನಾ ಪಾರ್ಟ್ ಬಿಟ್ಟು ಒಂದಕ್ಷರ ಆಡಿಲ್ರಿ ಅಣ್ಣಾರ. ಆದ್ರ ನೀವು ಹೋಗು ಅಂದ್ರಲ್ಲ, ಆಗ ನನಗ ಖರೇನ ಅಳು ಬಂತು ನೋಡ್ರಿ. ಯಾಕಂತ ಇವತ್ತಿಗೂ ತಿಳಿದಿಲ್ಲ" ಎಂದಳು. ಅಡಿಗೆ ಮನೆಯಲ್ಲಿ ಕಾಗದದ ಅಂಚನ್ನು ನಾನೇ ಎಂದಾದರೂ ಕಂಡಿದ್ದೆನೇ ಎಂದೂ ಯೋಚಿಸಿದ್ದೇನೆ. ಕಂಡಿದ್ದರೂ ಒಳಗೆ ಬಿಳಿಚೋಡು ಎಂದು ಬರೆದದ್ದು ಹೇಗೆ ಗೊತ್ತಾಗಬೇಕು?

ಎಂಬತ್ತರ ದಶಕದ ಕೊನೆಗೆ ಗಿರಿಜಾಳಿಗೆ ಬಡ್ತಿಯಾಗಿ ಬೇರೆ ಊರಿಗೆ ವರ್ಗವಾಯಿತು. ಬಿಳಿಚೋಡಿನವರು ದೊಡ್ಡದಾಗಿ ಬೀಳ್ಕೊಡುಗೆ ಮಾಡಿದರು. ಅವಳು ಮಾತಾಡುತ್ತಾ, 'ನಾನು ಹೇಳದೆಯೇ ನನ್ನ ಮನಸ್ಸು ಅರಿತು ಕಳಿಸಿದ ಯಜಮಾನರು ನನ್ನವರು' ಎಂದಳು. ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮನೆಗೆ ಬಂದವನೇ ಅವಳನ್ನು ಕೂರಿಸಿ, ಇವತ್ತು ನಗದೆ ಪೂರ್ತಿ ಕೇಳು ಎಂದು, ಆ ಮಾತನ್ನು ಮೊದಲ ಸಲ ಕೇಳಿದ ಹಾಗೇ ಹೇಳಿದೆ. ನಿನ್ನಿಷ್ಟ ಅನ್ನಬ್ಯಾಡ್ರಿ, ಹೋಗು ಅನ್ರಿ, ಇಲ್ಲ ಬ್ಯಾಡ ಅನ್ರಿ.

ಗಿರಿಜಾ ನಗಲಿಲ್ಲ. "ಅದನ್ನ ಅಲ್ಲಿ ಕೂತು ನಾನೇ ಅಂದ್ಕಂಡಿದ್ದು," ಎಂದಳು. "ಆ ಯಮ್ಮ ಟ್ರಂಕ್ ಹಿಡಕಂಡು ನಿಂತಾಗ. ಒಳಗೊಳಗೇ, ನಿಮ್ಮನ್ನ ನೋಡ್ತಾ. ತುಟಿ ಪಿಟಿಕ್ ಅಂದಿರಲಿಲ್ಲ ರೀ ನಾನು."

ಇದಕ್ಕಿಂತ ಹೆಚ್ಚು ನನಗೇನೂ ಗೊತ್ತಿಲ್ಲ. ಅದೇ ಮಾತನ್ನು ಅವಳು ಮೂರು ದಿನ ಒಂದೇ ಸೂರಿನ ಕೆಳಗೆ, ನನಗೆ ಅನ್ನ ಬಡಿಸುತ್ತಾ ಅಂದುಕೊಂಡಿದ್ದಳಂತೆ. ಆಗ ಒಂದು ಅಕ್ಷರವೂ ನನ್ನ ಕಿವಿಗೆ ಬಿದ್ದಿರಲಿಲ್ಲ.