ನೀರಡಿಕೆ ಯಾರಿಗೆ ಆಗಿತ್ತು?

ಅಕ್ಕೋರ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಹುಟ್ಟಿನಿಂದಲೇ ಹಾಗಂತೆ. ಆಪ್ತಸಮಾಲೋಚನೆಯ ಕೋಣೆಗೆ ಬರುವಾಗ ಚಪ್ಪಲಿ ಹೊರಗೇ ಬಿಟ್ಟು, ಬರಿಗಾಲನ್ನು ನೆಲಕ್ಕೆ ಊರಿ ಕೂತರೆಂದರೆ ಎದುರಿಗಿದ್ದವರು ಎದ್ದು ಹೋಗುವವರೆಗೆ ಆ ಪಾದಗಳು ಅಲುಗುತ್ತಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕಲಿಯಲು ಕೂತ ನಾನು ಅವನ್ನೇ ನೋಡುತ್ತಿದ್ದೆ, ಯಾಕೆಂದರೆ ನನ್ನ ಮೊಣಕಾಲು ಒಂದು ನಿಮಿಷವೂ ಸುಮ್ಮನಿರುತ್ತಿರಲಿಲ್ಲ.

ನಾನಾಗ ಆಪ್ತಸಮಾಲೋಚನೆಯ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಮನಸ್ಸು ನೊಂದವರ ಜೊತೆ ಗೊತ್ತುಪಡಿಸಿದಷ್ಟು ತಾಸು ಕೂತಿದ್ದೇನೆಂದು ಅನುಭವಸ್ಥರೊಬ್ಬರು ದಾಖಲೆ ಪುಸ್ತಕದಲ್ಲಿ ಪ್ರತಿ ತಾಸಿಗೂ ಸಹಿ ಹಾಕಬೇಕು; ಇಲ್ಲವಾದರೆ ಪದವಿಯಿಲ್ಲ. ಅದಕ್ಕಾಗಿ ದಿನವೂ ಬಸವಕಲ್ಯಾಣದಿಂದ ಬಸ್ಸು ಹತ್ತಿ ಹುಮನಾಬಾದಿನ ಒಂದು ಸಣ್ಣ ಆಸ್ಪತ್ರೆಗೆ ಹೋಗುತ್ತಿದ್ದೆ. ಅಲ್ಲಿ ಸಿಕ್ಕವರು ಅಕ್ಕೋರು. ಮೊದಲು ಹುಲಸೂರಿನಲ್ಲಿ ಶಾಲೆ ಕಲಿಸುತ್ತಿದ್ದರು, ನಲವತ್ತು ದಾಟಿದ ಮೇಲೆ ಈ ಓದು ಓದಿದರು. ಕೆಲಸ ಬದಲಾದರೂ ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಅಕ್ಕೋರು ಎಂಬ ಹೆಸರು ಹೋಗಲಿಲ್ಲ.

ಅವರು ಮೌನಿ ಎಂದು ಯಾರೂ ತಿಳಿಯಬಾರದು. ಕೋಣೆಯ ಹೊರಗೆ ಅವರ ಬಾಯಿಗೆ ಬಿಡುವೇ ಇರಲಿಲ್ಲ. ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಜಗಳ ತೆಗೆದು, ಗೆದ್ದು, ಬಸವಕಲ್ಯಾಣ ಬರುವವರೆಗೆ ಹುಲಸೂರಿನ ಶಾಲೆಯ ಕಥೆ ಹೇಳುತ್ತಿದ್ದರು. ಸಿಟ್ಟೂ ಜಾಸ್ತಿ. ಎದುರಿನವರ ಮಾತು ಮುಗಿಯುವ ಮುಂಚೆ ನಾನು ಪ್ರಶ್ನೆ ಹಾಕಿದರೆ ಆಮೇಲೆ, “ಬಸ್ಸ ಇನ್ನಾ ಬಂದೇ ಇಲ್ಲ, ನೀ ಯಾಕ ಎದ್ದು ನಿಂತಿ?” ಎಂದು ಗದರುತ್ತಿದ್ದರು. ದಿನಕ್ಕೊಮ್ಮೆಯಾದರೂ ನಾನು ಹೀಗೆ ಎದ್ದು ನಿಲ್ಲುತ್ತಿದ್ದೆ.

ಆಗ ಒಬ್ಬ ಹೆಂಗಸು ಬಂದಳು. ಘಾಟಬೋರಾಳದವಳು ಎನ್ನೋಣ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅಕ್ಕೋರು ಇದ್ದಿದ್ದರೆ “ಇನ್ನಾ ಒಂದಿಷ್ಟು ಬದಲಸು” ಎನ್ನುತ್ತಿದ್ದರು. ಕೂಲಿ ಮಾಡುವವಳು. ತಲೆನೋವು, ನಿದ್ದೆಯಿಲ್ಲ ಎಂದು ಬಂದವಳನ್ನು ಡಾಕ್ಟರು ನಮ್ಮ ಕೋಣೆಗೆ ಕಳಿಸಿದ್ದರು. ಅಕ್ಕೋರು ಅವಳನ್ನು ನನಗೆ ಒಪ್ಪಿಸಿ, ಅವಳ ಒಪ್ಪಿಗೆ ಕೇಳಿಯೇ, ತಾವು ಮೂಲೆಯ ಕುರ್ಚಿಗೆ ಹೋದರು. ಎರಡು ವಾರ ತಲೆನೋವಿನದೇ ಮಾತು. ಮೂರನೆಯ ವಾರ “ನನ್ನ ಮಗಳು…” ಎಂದವಳು ಅಲ್ಲಿಗೇ ನಿಂತು ಅಳತೊಡಗಿದಳು. ನಾನು ದಡಕ್ಕನೆ ಎದ್ದು ನೀರು ಕೊಟ್ಟೆ. ನಮ್ಮ ಮನೆಗಳಲ್ಲಿ ಅಳುವವರಿಗೆ ಮೊದಲು ಕೊಡುವುದೇ ನೀರು. ನನ್ನ ಅವ್ವನೂ ಅಷ್ಟೇ, ಅವಳ ಅವ್ವನೂ ಅಷ್ಟೇ. ಆ ಹೆಂಗಸು ಗಟಗಟ ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, “ಏನಿಲ್ರೀ ಮೇಡಂ, ಬಿಡ್ರಿ. ತಲಿನೋವಿಂದು ಗುಳಗಿ ಕೊಡ್ತಾರೇನು ನೋಡ್ತೀನಿ” ಎಂದು ಎದ್ದು ಹೋದಳು.

ಒಳ್ಳೆಯ ಕೆಲಸ ಮಾಡಿದೆನೆಂದೇ ನಾನು ಪುಸ್ತಕ ಚಾಚಿದೆ. ಅಕ್ಕೋರು ಪೆನ್ನು ಮುಟ್ಟಲಿಲ್ಲ.

“ನೀರಡಿಕಿ ಅಕಿಗಿ ಆಗಿತ್ತೋ, ನಿನಗ ಆಗಿತ್ತೋ?”

“ಅಕಿ ಅಳಾಕತ್ತಿದ್ಲಲ್ರಿ ಅಕ್ಕೋರ.”

“ಅಳಾಕೇ ಬಂದಿದ್ಲು. ನಿನಗ ನೋಡಾಕ ಆಗಲಿಲ್ಲ, ಅದಕ್ಕ ನೀರ ಹಾಕಿ ಅಕಿ ಬಾಯಿ ಮುಚ್ಚಿದಿ. ಈ ತಾಸಿಗಿ ಸಹಿ ಇಲ್ಲ.”

ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು. ಅಂದು ಬಸ್ಸಿನಲ್ಲಿ ಅವರ ಪಕ್ಕ ಕೂರದೆ ಹಿಂದೆ ಹೋಗಿ ನಿಂತೆ. ಮುಂದಿನ ವಾರ ಆ ಹೆಂಗಸು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಸಿಟ್ಟು ಇಳಿದು ಭಯ ಹತ್ತಿತು. ಅವಳೇನಾದರೂ ಮಾಡಿಕೊಂಡಿದ್ದರೆ? ಸಹಿಯ ಚಿಂತೆ ಎತ್ತಲೋ ಹೋಯಿತು. ಬಾಗಿಲ ಬಳಿ ಬಳೆಯ ಸದ್ದಾದರೆ ಎದ್ದು ನೋಡುವುದು, ಕೂರುವುದು, ಮತ್ತೆ ಏಳುವುದು. ಅಕ್ಕೋರು ಆ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಎರಡು ಸಲ ಹೇಳಿಕಳಿಸಿದರು, ನನ್ನನ್ನು ಮಾತ್ರ ಸಮಾಧಾನ ಮಾಡಲಿಲ್ಲ. ಕೋಣೆಯಲ್ಲಿದ್ದ ನೀರಿನ ಕೊಡ, ಲೋಟ ಎರಡನ್ನೂ ಎತ್ತಿ ಹೊರಗಿನ ಪಡಸಾಲೆಯಲ್ಲಿ ಇಟ್ಟರು.

ನೀರು ಕುಡಿದು ಎದ್ದು ಹೋದ ನಾಲ್ಕು ವಾರಕ್ಕೆ ಅವಳು ಬಂದಳು. ಮತ್ತೆ ಮಗಳ ಮಾತು, ಮತ್ತೆ ಅಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮೊಣಕಾಲು ಕುಣಿಯುತ್ತಿತ್ತು. ಎಷ್ಟು ಹೊತ್ತಾಯಿತೋ, ಕೊನೆಗೆ ಅವಳೇ ತಲೆಯೆತ್ತಿದಳು.

“ಮಗಳು ಬಾವ್ಯಾಗ ಬಿದ್ದ ದಿನ ಎಲ್ಲಾರೂ ನನಗ ನೀರೇ ಕುಡಿಸ್ಯಾರ್ರಿ. ಯಾಕ ಬಿದ್ಲು ಅಂತ ಹೇಳಾಕ ಹೋದ್ರ, ಕುಡಿ ಕುಡಿ ಅಂದ್ರು. ಎಂಟು ವರ್ಷ ಆತು, ಒಬ್ಬರೂ ಕೇಳಿಲ್ಲ.”

ಅಂದು ಅವಳು ಹೇಳಿದಳು, ನಾನು ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಹೋದ ಮೇಲೆ ಅಕ್ಕೋರು ತಾವೇ ಪುಸ್ತಕ ಎಳೆದುಕೊಂಡು ಸಹಿ ಹಾಕಿದರು. “ಇವತ್ತ ಕುಂತಿ” ಎಂದರು, ಅಷ್ಟೇ.

ಬಸ್ಸಿನಲ್ಲಿ ಅವರ ಪಕ್ಕ ಕೂತು ಕೇಳಿದೆ: “ನಿಮ್ಮ ಕಾಲ ಸೈತ ಅಲಗಂಗಿಲ್ಲಲ್ರಿ, ಅದು ಹ್ಯಾಂಗ?”

“ಒಳಗ ಎಲ್ಲಾ ಓಡ್ಯಾಡಾಕತ್ತಿರ್ತದ,” ಎಂದರು. “ಕಾಲಿಗಿ ಸುದ್ದಿ ಮುಟ್ಟಿಸಿರಂಗಿಲ್ಲ ನಾ.”

ಪದವಿ ಬಂತು, ಕೆಲಸವೂ ಬಂತು. ನನ್ನ ಕೋಣೆಯಲ್ಲೂ ನೀರಿನ ಕೊಡ ಹೊರಗೇ ಇದೆ. ನನ್ನ ಕಾಲಿಗೆ ಮಾತ್ರ ಇಂದಿಗೂ ಎಲ್ಲ ಸುದ್ದಿಯೂ ಮುಟ್ಟುತ್ತದೆ.

ಪದವಿ ಬಂದ ಎರಡು ವರ್ಷದ ನಂತರ ಅಕ್ಕೋರು ಬಸವಕಲ್ಯಾಣದ ತಮ್ಮ ಮನೆಗೆ ನನ್ನನ್ನು ಕರೆಸಿದರು. ಬಾಗಿಲು ತೆರೆದವರು ಅವರ ತಂಗಿ; ಚಿಕ್ಕಮ್ಮನಂತಿದ್ದ ಅವರನ್ನು ಮೌಶಿ ಎಂದೇ ಕರೆದೆ. ಮಂಚದ ಮೇಲೆ ಕೂತ ಅಕ್ಕೋರು ಕಾಯಿಲೆ ಯಾವುದು, ಇನ್ನೆಷ್ಟು ದಿನ ಎಂಬುದನ್ನು ಪಾಠ ಒಪ್ಪಿಸುವಂತೆ ಹೇಳಿದರು. ಆಮೇಲೆ ಆ ಕಿರುಬೆರಳು ಅಲುಗಿತು. ಅದು ಅಲುಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕೋರು ಅತ್ತರು, ಜೋರಾಗಿ, ಮೂಗು ಸೋರಿಸಿಕೊಂಡು ಅತ್ತರು. ನೀರಿನ ತಂಬಿಗೆ ನನ್ನ ಕೈಗೆ ಸಿಗುವಂತಿತ್ತು. ಅಲ್ಲಿಂದ ಎದ್ದು ಓಡಿಬಿಡಬೇಕು ಎನ್ನಿಸಿತು. ಕೂತೇ ಇದ್ದೆ.

ಬಹಳ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು, “ಈಗ ಕೊಡವ್ವಾ ನೀರ. ಈಗ ಖರೇನ ನೀರಡಿಕಿ ಆಗ್ಯದ” ಎಂದರು.

ತಿಂಗಳೊಳಗೆ ಅಕ್ಕೋರು ಹೋದರು. ಅವರ ಅಂಗಳದಲ್ಲಿ ಗೋಡೆಗೊರಗಿ ನಾನು ಅಳುತ್ತಿದ್ದಾಗ ಅವರ ತಂಗಿ, ತಾವೂ ಅಳುತ್ತಲೇ, ಲೋಟ ತಂದು ಚಾಚಿದರು.

“ಕುಡಿಯವ್ವಾ, ಜರಾ ಕುಡಿ.”

“ನೀರಡಿಕಿ ಆಗಿಲ್ರಿ ಮೌಶಿ,” ಎಂದೆ. “ನೀವೂ ಇಲ್ಲೇ ಕೂಡ್ರಿ.”

ಅವರು ಲೋಟ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತರು.